ಬೆಳಗಿನ ಅನ್ನ, ಮೇಲೊಂದು ಮೊಟ್ಟೆ



ಮಂಡ್ಯ, ಮೈಸೂರಿನ ಕಡೆ ಹುಟ್ಟಿ ಬೆಳೆದವರಿಗೆ ಬೆಳಗಿನ ತಿಂಡಿಗೆ ಅನ್ನ ಮಾಡುವುದು ಹೊಸದೇನಲ್ಲ. ಚಿತ್ರಾನ್ನ, ಪುಳಿಯೋಗರೆ, ವಾಂಗಿಬಾತು, ಅವರೆಕಾಯಿ ಕಾಲ ಬಂದರೆ ಅದರದ್ದೊಂದು ಬಾತು. ಎಂಟು ಗಂಟೆಗೆ ತಟ್ಟೆ ತುಂಬ ಅನ್ನ ಹಾಕಿಕೊಂಡು ಕೂತರೆ ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ. ಮದರಾಸಿಗೆ ಬಂದ ಮೇಲೆ ಗೊತ್ತಾಯಿತು, ಇಲ್ಲಿ ಟಿಫನ್ ಬೇರೆ, ಸಾಪಾಡು ಬೇರೆ. ಇಡ್ಲಿ, ದೋಸೆ, ಇಡಿಯಾಪ್ಪಂ, ಪೂರಿ, ಪೊಂಗಲ್ ಇವೆಲ್ಲ ಬೆಳಗಿನವು. ಲೆಮನ್ ರೈಸು, ಪುಳಿಸಾದಂ ಮಧ್ಯಾಹ್ನದ ಡಬ್ಬಿಗೆ. ಪುರಸೈವಾಕ್ಕಂನಲ್ಲಿ ನಮ್ಮ ಎದುರು ಮನೆಯಾಕೆ ಇವತ್ತಿಗೂ ನಮ್ಮ ಅಡುಗೆಮನೆಯಿಂದ ಚಿತ್ರಾನ್ನದ ಒಗ್ಗರಣೆ ಘಮ ಬಂದರೆ ಬಾಗಿಲಿಗೆ ಬಂದು ನಿಂತು, “ಎನ್ನ ಅಕ್ಕಾ, ಕಾಲೈಲೆಯೇ ಸಾದಮಾ?” ಎಂದು ಕೇಳುತ್ತಾರೆ, ಬೆಳಿಗ್ಗೆಯೇ ಅನ್ನವಾ ಎಂದು. ಪೊಂಗಲ್ ಮತ್ತೇನಮ್ಮ, ಅದೂ ಅನ್ನವೇ ಅಲ್ಲವಾ ಎಂದರೆ, “ಅದು ಪೊಂಗಲ್, ಅಕ್ಕಾ” ಎಂದುಬಿಡುತ್ತಾರೆ. ಅಲ್ಲಿಗೆ ವಾದ ಮುಗಿಯಿತು.

ಈ ಹೊತ್ತು ನಾನು ಹೇಳಬೇಕೆಂದಿರುವ ತಿಂಡಿ ಚಿತ್ರಾನ್ನಕ್ಕಿಂತ ಬಹಳ ಮುಂದೆ ಹೋದದ್ದು. ಬಿಸಿ ಬಿಸಿ ಬಿಳಿ ಅನ್ನ. ಅದರ ಮೇಲೆ ಕಾವಲಿಯಲ್ಲಿ ಬೇಯಿಸಿದ ಕೈಮಾದ ಅಗಲ ಬಿಲ್ಲೆ. ಬಿಲ್ಲೆಯ ಮೇಲೆ ಅರೆಬೆಂದ ಹಳದಿಯ ಒಂದು ಮೊಟ್ಟೆ. ಇಷ್ಟರ ಮೇಲೂ ಕಂದು ಬಣ್ಣದ ಗಟ್ಟಿ ಗ್ರೇವಿಯನ್ನು ಸೌಟಿನಿಂದ ಧಾರಾಳವಾಗಿ ಸುರಿದಿರುತ್ತಾರೆ. ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ ಜನ ಬೆಳಿಗ್ಗೆ ಎದ್ದು ಇದನ್ನು ತಿನ್ನುತ್ತಾರೆ. ಅಲ್ಲಿ ಇದಕ್ಕೆ ಲೋಕೊ ಮೊಕೊ ಎನ್ನುತ್ತಾರೆ. ಮಧ್ಯಾಹ್ನವೂ ತಿನ್ನುತ್ತಾರೆ, ರಾತ್ರಿಯೂ ತಿನ್ನುತ್ತಾರೆ, ಅದು ಬೇರೆ ಮಾತು. ಹವಾಯಿಯ ಬೆಳಗಿನ ತಟ್ಟೆಯಲ್ಲಿ ಅನ್ನ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಅಮೆರಿಕದ ಮ್ಯಾಕ್‌ಡೊನಾಲ್ಡ್ಸ್ ಕಂಪನಿ ಕೂಡ ಆ ದ್ವೀಪಗಳಲ್ಲಿ ಬೆಳಿಗ್ಗೆ ಬನ್ನಿನ ಜೊತೆಗೆ ಅನ್ನ, ಮೊಟ್ಟೆ, ಡಬ್ಬಿ ಮಾಂಸದ ತಟ್ಟೆಯನ್ನೂ ಮಾರುತ್ತದೆ.

ಈ ತಿಂಡಿ ಬಹಳ ಹಳೆಯದೇನಲ್ಲ. ಹವಾಯಿಯ ದೊಡ್ಡ ದ್ವೀಪದಲ್ಲಿ ಹಿಲೋ ಎಂಬ ಊರಿದೆ. 1949ರಲ್ಲಿ ಅಲ್ಲಿ ಲಿಂಕನ್ ಗ್ರಿಲ್ ಎಂಬ ಸಣ್ಣ ಹೋಟೆಲನ್ನು ರಿಚರ್ಡ್ ಮತ್ತು ನ್ಯಾನ್ಸಿ ಇನೋಯೆ ಎಂಬ ದಂಪತಿ ನಡೆಸುತ್ತಿದ್ದರು. ಹೆಸರಿನಿಂದಲೇ ತಿಳಿಯುತ್ತದೆ, ಜಪಾನಿ ಮೂಲದವರು. ಹೆಚ್ಚಿನವರು ಹೇಳುವ ಕಥೆ ಹೀಗೆ: ಹತ್ತಿರದಲ್ಲೇ ಆಟ ಆಡಿಕೊಂಡಿದ್ದ ಒಂದು ಕ್ರೀಡಾ ಸಂಘದ ಹುಡುಗರು ಈ ಹೋಟೆಲಿಗೆ ಬರುತ್ತಿದ್ದರು. ಜೇಬಿನಲ್ಲಿ ಕಾಸು ಕಮ್ಮಿ, ಹೊಟ್ಟೆಯಲ್ಲಿ ಹಸಿವು ಜಾಸ್ತಿ. ಸ್ಯಾಂಡ್‌ವಿಚ್ಚು ತಿಂದು ತಿಂದು ಬೇಸರವಾಗಿತ್ತು. ಬೇಗ ಆಗುವಂಥದ್ದು, ಅಗ್ಗದ್ದು, ಹೊಟ್ಟೆ ತುಂಬುವಂಥದ್ದು ಏನಾದರೂ ಕೊಡಿ ಎಂದು ಕೇಳಿದರು. ಬಟ್ಟಲಿಗೆ ಅನ್ನ ಹಾಕಿ, ಅದರ ಮೇಲೆ ಮಾಂಸದ ಬಿಲ್ಲೆ ಇಟ್ಟು, ಗ್ರೇವಿ ಸುರಿದು ಕೊಟ್ಟರು. ಬೆಲೆ 25 ಸೆಂಟು. ಮೊಟ್ಟೆ ಅದರ ಮೇಲೆ ಬಂದು ಕೂತದ್ದು ಆಮೇಲೆ.

ಅದೇ ಊರಿನಲ್ಲಿ ಈ ತಿಂಡಿಗೆ ಹೆಸರಾದ ಇನ್ನೊಂದು ಹೋಟೆಲಿದೆ, ಕೆಫೆ 100. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ 100ನೇ ಇನ್ಫಂಟ್ರಿ ಬೆಟಾಲಿಯನ್ನಿನಲ್ಲಿ ಹೋರಾಡಿ ಬಂದ ರಿಚರ್ಡ್ ಮಿಯಾಶಿರೊ ಎಂಬುವರು 1946ರಲ್ಲಿ ಶುರು ಮಾಡಿದ್ದು, ಆ ಪಡೆಯ ನೆನಪಿಗೇ ಹೆಸರಿಟ್ಟದ್ದು. ಆ ವರ್ಷ ಏಪ್ರಿಲ್ ಒಂದರಂದು ಸುನಾಮಿ ಬಂದು ಹೋಟೆಲು ಹಾಳಾಯಿತು. ಮತ್ತೆ ಎಬ್ಬಿಸಿದರು. 1960ರಲ್ಲಿ ಚಿಲಿ ದೇಶದ ಭೂಕಂಪದಿಂದ ಎದ್ದ ಅಲೆ ಮತ್ತೆ ಕೊಚ್ಚಿಕೊಂಡು ಹೋಯಿತು. ಮತ್ತೂ ಕಟ್ಟಿದರು. 2004ರ ಡಿಸೆಂಬರ್ 26ರ ಸುನಾಮಿಯನ್ನು ಕಂಡ ಮದರಾಸಿನವರಿಗೆ ಅದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅನ್ನ ಹವಾಯಿಗೆ ಹೋದದ್ದು ಕಬ್ಬಿನ ದಾರಿಯಲ್ಲಿ. ನಾನು ಮಂಡ್ಯದ ಕಡೆಯವಳು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಅಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕಡೆಯ ಬದುಕೆಲ್ಲ ಕಬ್ಬಿನ ಸುತ್ತ ತಿರುಗಿದ್ದು. ಕಬ್ಬಿನ ಗದ್ದೆಯಲ್ಲಿ ದಿನವಿಡೀ ಬಗ್ಗಿ ಕಡಿಯುವವರ ಹಸಿವು ಎಂಥದ್ದು ಎನ್ನುವುದು ನಮಗೆ ಗೊತ್ತು. ಸೊಂಟ ನೋವು, ಗರಿಯ ತರಚು ಗಾಯ, ಅದರ ಜೊತೆಗೆ ಮುದ್ದೆ ಕೇಳುವ ಹೊಟ್ಟೆ. ಹವಾಯಿಯ ಕಬ್ಬಿನ ತೋಟದ ಮಾಲೀಕರು ಕೂಲಿಗೆ ಜನ ಸಾಲದೆ 1852ರಿಂದ ಚೀನೀಯರನ್ನು ಒಪ್ಪಂದದ ಮೇಲೆ ಕರೆತಂದರು. 1878ರಲ್ಲಿ ಪೋರ್ಚುಗೀಸರು ಬಂದರು, 1885ರಿಂದ ದೊಡ್ಡ ಸಂಖ್ಯೆಯಲ್ಲಿ ಜಪಾನೀಯರು, 1903ರಲ್ಲಿ ಕೊರಿಯದವರು, 1906ರಲ್ಲಿ ಫಿಲಿಪೀನ್ಸಿನವರು. ಒಬ್ಬೊಬ್ಬರ ಭಾಷೆ, ದೇವರು ಬೇರೆ ಬೇರೆ. ಬಹುಪಾಲು ಜನಕ್ಕೆ ಅನ್ನ ಮಾತ್ರ ಸಮಾನ. ಗದ್ದೆಗೆ ಹೋಗುವಾಗ ಅವರು ಅಡಕಿನ ಡಬ್ಬಿ ಒಯ್ಯುತ್ತಿದ್ದರು, ನಮ್ಮ ಟಿಫನ್ ಕ್ಯಾರಿಯರಿನಂಥದ್ದೇ. ಕೆಳಗಿನ ಡಬ್ಬಿಯಲ್ಲಿ ಅನ್ನ, ಮೇಲಿನದರಲ್ಲಿ ಒಂದಿಷ್ಟು ಮೀನೋ ಮಾಂಸವೋ ಉಪ್ಪಿನಕಾಯಿಯೋ. ಮಧ್ಯಾಹ್ನ ಮರದ ನೆರಳಿನಲ್ಲಿ ಕೂತಾಗ ಒಬ್ಬರ ಮೇಲಿನ ಡಬ್ಬಿಗೆ ಇನ್ನೊಬ್ಬರು ಕೈ ಹಾಕುತ್ತಿದ್ದರು. ಹವಾಯಿಯ ಈಗಿನ ಊಟವೆಲ್ಲ ಹುಟ್ಟಿದ್ದು ಆ ಕೈ ಹಾಕುವುದರಲ್ಲೇ. ಕಬ್ಬು ಮಾತ್ರ ಉಳಿಯಲಿಲ್ಲ. ಮಾವಿ ದ್ವೀಪದಲ್ಲಿದ್ದ ಕೊನೆಯ ಸಕ್ಕರೆ ಕಾರ್ಖಾನೆ 2016ರಲ್ಲಿ ಬಾಗಿಲು ಹಾಕಿತು.

ಮದರಾಸು ಆ ಕಾಲದಲ್ಲಿ ಹವಾಯಿಗಲ್ಲ, ಬೇರೆ ಕಡೆಯ ಕಬ್ಬಿಗೆ ಜನರನ್ನು ಕಳಿಸುತ್ತಿತ್ತು. ಮಾರಿಷಸ್ಸು, ಫಿಜಿ, ದಕ್ಷಿಣ ಆಫ್ರಿಕಾದ ನಟಾಲ್. 1860ರಲ್ಲಿ ಟ್ರೂರೋ ಎಂಬ ಹಡಗು ನಟಾಲಿಗೆ ಮೊದಲ ಕೂಲಿಗಳನ್ನು ಹೊತ್ತು ಹೊರಟದ್ದು ಇದೇ ಮದರಾಸಿನಿಂದ. ಅಲ್ಲಿನ ಡರ್ಬನ್ ನಗರದಲ್ಲಿ ಮುಂದೆ ನಮ್ಮ ಜನ ಕಟ್ಟಿದ ತಿಂಡಿ ಬನ್ನಿ ಚೌ. ಬ್ರೆಡ್ಡಿನ ತಿರುಳು ತೆಗೆದು ಒಳಗೆ ಬಿಸಿ ಸಾರು, ಮಾಂಸ ತುಂಬಿಸಿ ಕೊಡುವುದು. ಹಿಲೋದಲ್ಲಿ ಅನ್ನದ ಮೇಲೆ ಗ್ರೇವಿ, ಡರ್ಬನ್ನಿನಲ್ಲಿ ಬ್ರೆಡ್ಡಿನೊಳಗೆ ಸಾರು. ಮೈಮುರಿದು ದುಡಿಯುವವರ ಊಟ ಎಲ್ಲೇ ಇರಲಿ, ಹೊಟ್ಟೆ ತುಂಬುವ ಒಂದು ಪದಾರ್ಥ, ಅದಕ್ಕೆ ಹೀರಿಕೊಳ್ಳುವಷ್ಟು ರಸ, ಇಷ್ಟಾದರೆ ಸಾಕು.

ಪುರಸೈವಾಕ್ಕಂ ಕೂಡ ಈ ಲೆಕ್ಕಕ್ಕೆ ಹೊರತಲ್ಲ. ಈಗ ಇಲ್ಲಿಗೆ ಬರುವವರು ಸೀರೆ, ಬೆಳ್ಳಿ, ಪಾತ್ರೆ ಕೊಳ್ಳಲು ಬರುತ್ತಾರೆ. ಗಂಗಾಧೀಶ್ವರರ ದೇವಸ್ಥಾನಕ್ಕೆ ಕೈ ಮುಗಿದು ಹೈರೋಡಿನ ನೂಕುನುಗ್ಗಲಿನಲ್ಲಿ ಸೇರಿಹೋಗುತ್ತಾರೆ. ಆದರೆ ಉತ್ತರಕ್ಕೆ ನಡೆದರೆ ಓಟೇರಿ, ಪೆರಂಬೂರು. ಬಕಿಂಗ್‌ಹ್ಯಾಂ ಅಂಡ್ ಕರ್ನಾಟಿಕ್ ಮಿಲ್ಲುಗಳು ಇದ್ದದ್ದು ಆ ಕಡೆಯೇ. ಜನ ಬಿನ್ನಿ ಮಿಲ್ಲು ಎನ್ನುತ್ತಿದ್ದರು. ಸಾವಿರಾರು ಕೆಲಸಗಾರರು ಶಂಖ ಕೂಗುವ ಮುಂಚೆ, ಅಂದರೆ ಮಿಲ್ಲಿನ ಸೈರನ್ನಿಗೆ ಮುಂಚೆ, ಹಳೆಯ ಅನ್ನಕ್ಕೆ ನೀರು ಮಜ್ಜಿಗೆ ಹಾಕಿ ಕುಡಿದು, ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದರು. 1918ರಲ್ಲಿ ಬಿ.ಪಿ. ವಾಡಿಯಾ ಅವರು ಮದರಾಸು ಕಾರ್ಮಿಕ ಸಂಘ ಕಟ್ಟಿದಾಗ ಕೆಲಸಗಾರರ ದೂರುಗಳಲ್ಲಿ ಒಂದು, ಮಧ್ಯಾಹ್ನ ಉಣ್ಣಲು ಬಿಡುವಿನ ಸಮಯ ಸಾಲುವುದಿಲ್ಲ ಎಂಬುದೇ ಆಗಿತ್ತು. ಅನ್ನ ಉಣ್ಣುವುದಕ್ಕೆ ಹೊತ್ತು ಬೇಕು ಎಂದು ಕೇಳಿದ್ದು ಈ ದೇಶದ ಕಾರ್ಮಿಕ ಚಳವಳಿಯ ಮೊದಲ ಬೇಡಿಕೆಗಳಲ್ಲಿ ಸೇರಿಹೋಯಿತು. ಮಿಲ್ಲು 1996ರಲ್ಲಿ ಮುಚ್ಚಿತು. ಎದುರು ಮನೆಯಾಕೆ ಏನೇ ಹೇಳಲಿ, ಮದರಾಸಿನ ಈ ಭಾಗದಲ್ಲಿ ಬೆಳಗಿನ ಅನ್ನ ಹೊಸದಲ್ಲ. ಟಿಫನ್ ಎಂಬ ಮರ್ಯಾದೆ ಬರುವ ಮುಂಚಿನಿಂದಲೂ ಇದ್ದದ್ದೇ.

ಆ ಮರ್ಯಾದೆಯನ್ನು ತಂದವರಲ್ಲಿ ನಮ್ಮ ಉಡುಪಿಯವರ ಪಾಲು ದೊಡ್ಡದು ಎನ್ನುವುದನ್ನು ಇಲ್ಲಿ ಹೇಳದೆ ಇರಲಾರೆ. ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರು, ಪೂನಮಲ್ಲಿ ಹೈರೋಡಿನ ದಾಸಪ್ರಕಾಶದ ಕೆ. ಸೀತಾರಾಮರಾಯರು, ಇಂಥವರಿಂದ ಬೆಳಗಿನ ಇಡ್ಲಿ ಸಾಂಬಾರು ಊರಿಗೆಲ್ಲ ಒಂದು ಶಾಸ್ತ್ರವಾಯಿತು. ಒಳ್ಳೆಯದೇ ಆಯಿತು. ಆದರೆ ಮಾಂಸ ತಿನ್ನುವ ಕನ್ನಡಿಗರ ಬೆಳಗು ಇದಕ್ಕಿಂತ ಬೇರೆ. ಹೊಸಕೋಟೆಯಲ್ಲಿ ಭಾನುವಾರ ಕೋಳಿ ಕೂಗುವ ಮುಂಚೆ ಬಿರಿಯಾನಿಗೆ ಸಾಲು ನಿಂತಿರುತ್ತದೆ. ಬೆಂಗಳೂರಿನ ಮಿಲಿಟರಿ ಹೋಟೆಲುಗಳಲ್ಲಿ ಇಡ್ಲಿಯ ಪಕ್ಕದಲ್ಲೇ ಕೈಮಾ, ಕಾಲು ಸೂಪು ಇರುತ್ತದೆ. ಮಲೆನಾಡಿನಲ್ಲಿ ಕಡುಬು ಕೋಳಿಸಾರು. ಇಷ್ಟೆಲ್ಲ ಇಟ್ಟುಕೊಂಡ ನಾವು ಹಿಲೋದ ತಟ್ಟೆ ನೋಡಿ ಬೆಚ್ಚಿಬೀಳುವುದು ಚೆಂದವಲ್ಲ.

ಇನ್ನು ಅಡುಗೆಗೆ ಬರೋಣ. ಇದನ್ನು ಮಾಡಲು ಹೊರಟವರು ಮೊದಲು ಹೋಗುವುದು ದೊಡ್ಡ ಅಂಗಡಿಗೆ, ಜಪಾನಿ ಅಕ್ಕಿ ಇದೆಯಾ, ಡಬ್ಬಿ ಗ್ರೇವಿ ಇದೆಯಾ ಎಂದು ಕೇಳಲು. ಅದು ಬೇಡ. ಲಿಂಕನ್ ಗ್ರಿಲ್ಲಿನವರು ಅವತ್ತು ಒಲೆಯ ಮೇಲೆ ಏನಿತ್ತೋ ಅದನ್ನೇ ಬಟ್ಟಲಿಗೆ ಹಾಕಿದರು. ಪುರಸೈವಾಕ್ಕಂನಲ್ಲಿ ಮಾಡುವವರು ಪುರಸೈವಾಕ್ಕಂನಲ್ಲಿ ಸಿಗುವುದನ್ನು ಹಾಕಿದರೆ ಅದೇ ಆ ತಿಂಡಿಗೆ ತೋರಿಸುವ ನಿಷ್ಠೆ.

ಅಕ್ಕಿ. ಹವಾಯಿಯಲ್ಲಿ ಬಳಸುವುದು ಕಾಳು ಗುಂಡಗಿರುವ, ಬೆಂದರೆ ಒಂದಕ್ಕೊಂದು ಅಂಟಿಕೊಳ್ಳುವ ಅಕ್ಕಿ. ಉದುರುದುರಾದ ಅನ್ನಕ್ಕೆ ಗ್ರೇವಿ ಹಾಕಿದರೆ ಅದು ನೇರ ತಟ್ಟೆಯ ತಳಕ್ಕೆ ಇಳಿದುಬಿಡುತ್ತದೆ, ಮೇಲಿನ ಅನ್ನ ಒಣಗಿಕೊಂಡಿರುತ್ತದೆ. ನಾವು ಹೆಂಗಸರು ಜೀವಮಾನವಿಡೀ ಅಂಗಡಿಯವನ ಹತ್ತಿರ “ಹಳೇ ಅಕ್ಕಿ ಕೊಡಪ್ಪ, ಹೊಸದು ಮುದ್ದೆಯಾಗುತ್ತೆ” ಎಂದು ಜಗಳ ಆಡಿದ್ದೇವೆ. ಈ ಒಂದು ತಿಂಡಿಗೆ ಆ ಜಗಳ ತಿರುಗಿಸಿ ಆಡಬೇಕು, ಹೊಸ ಅಕ್ಕಿಯನ್ನೇ ಕೇಳಿ ತರಬೇಕು. ಹೊಸ ಸೋನಾಮಸೂರಿ ಆಗುತ್ತದೆ, ಪೊಂಗಲಿಗೆ ಇಡುವ ಪಚ್ಚರಿಸಿ ಇನ್ನೂ ಒಳ್ಳೆಯದು. ಇಲ್ಲಿನ ಮನೆಗಳಲ್ಲಿ ದಿನಾ ಮಾಡುವ ಪೊನ್ನಿ ಕುಸುಬಲಕ್ಕಿ ಬೇಡ, ಅದರ ಕಾಳು ಬಿಡಿಬಿಡಿ. ಎರಡು ಲೋಟ ಅಕ್ಕಿಯನ್ನು ನೀರು ತಿಳಿಯಾಗುವ ತನಕ ತೊಳೆದು, ಅರ್ಧ ಗಂಟೆ ನೆನೆಸಿ, ಎರಡೂವರೆ ಲೋಟ ನೀರಿಗೆ ಉಪ್ಪಿಲ್ಲದೆ ಬೇಯಿಸಿ. ನೆನೆದ ಅಕ್ಕಿಗೆ ಅಷ್ಟು ನೀರು ಸಾಕು. ಗ್ರೇವಿಯಲ್ಲಿ ಉಪ್ಪಿರುವುದರಿಂದ ಅನ್ನ ಸಪ್ಪೆಯಾಗಿಯೇ ಇರಬೇಕು. ಒಲೆ ಆರಿಸಿದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ.

ಮಾಂಸ. ಹಿಲೋದಲ್ಲಿ ದನದ ಮಾಂಸ. ನಮ್ಮ ಮನೆಯಲ್ಲಿ ಕುರಿ ಕೈಮಾ, ಇಲ್ಲಿನವರು ಕೊತ್ತುಕ್ಕರಿ ಎನ್ನುವುದು. ಮಷೀನಿನಲ್ಲಿ ಹಾಕಿದ ಕೈಮಾಕ್ಕಿಂತ ಕೈಯಲ್ಲಿ ಕೊಚ್ಚಿಸಿದ್ದು ಮೇಲು ಎಂದು ನನ್ನ ಅಭಿಪ್ರಾಯ. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯ ಹುಣಸೆ ಮರದ ಕೊರಡಿನ ಮುಂದೆ ನಿಂತು ನೋಡಿ. ಎರಡು ಕೈಯಲ್ಲಿ ಎರಡು ಕತ್ತಿ ಹಿಡಿದು ತಾಳ ಹಾಕಿದಂತೆ ಕೊಚ್ಚುತ್ತಾನೆ. ಅಂಚಿಗೆ ಚದುರಿದ್ದನ್ನು ಕತ್ತಿಯ ಬೆನ್ನಿನಿಂದ ಬಾಚಿ ಮಧ್ಯಕ್ಕೆ ತರುತ್ತಾನೆ, ಮತ್ತೆ ಕೊಚ್ಚುತ್ತಾನೆ. ಮಾಂಸ ಅರೆದ ಹಾಗೆ ಆಗದೆ ಸಣ್ಣ ಸಣ್ಣ ಚೂರಾಗಿಯೇ ಉಳಿಯುತ್ತದೆ. ಕೊಬ್ಬನ್ನು ಪೂರ್ತಿ ತೆಗೆಸಬೇಡಿ. ಐದರಲ್ಲಿ ಒಂದು ಪಾಲು ಕೊಬ್ಬಿರಲಿ, ಇಲ್ಲದಿದ್ದರೆ ಬಿಲ್ಲೆ ಒಣಗಿ ಹೊಟ್ಟಿನಂತಾಗುತ್ತದೆ.

ಅರ್ಧ ಕಿಲೋ ಕೈಮಾಕ್ಕೆ ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಹಾಲಿನಲ್ಲಿ ನೆನೆಸಿ ಹಿಂಡಿದ ಎರಡು ಹಾಳೆ ಬ್ರೆಡ್ಡು, ಒಂದು ಮೊಟ್ಟೆ, ಕುಟ್ಟಿದ ಮೆಣಸು, ಉಪ್ಪು. ಮಸಾಲೆ ಅಷ್ಟೇ. ಚಕ್ಕೆ ಲವಂಗ, ಶುಂಠಿ ಬೆಳ್ಳುಳ್ಳಿ, ಕೊತ್ತಂಬರಿ ಎಂದು ಕೈ ಓಡುತ್ತದೆ, ತಡೆಯಿರಿ. ನಮ್ಮ ಮಂಡ್ಯದ ಕೈಮಾ ಉಂಡೆಗೆ ಹುರಿಗಡಲೆ ಪುಡಿ ಹಾಕುತ್ತೇವೆ, ಅದು ಸಾರಿನಲ್ಲಿ ಈಜುವ ಉಂಡೆಗೆ ಸರಿ, ಒಡೆಯದಂತೆ ಬಿಗಿ ಹಿಡಿಯುತ್ತದೆ. ಕಾವಲಿಯ ಮೇಲೆ ಒಣಗಿ ಬೇಯುವ ಬಿಲ್ಲೆಗೆ ಆ ಬಿಗಿ ಬೇಡ, ನೆನೆಸಿದ ಬ್ರೆಡ್ಡು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ನಾದಲೂ ಬಾರದು. ಬೆರಳ ತುದಿಯಲ್ಲಿ ಕಲಸಿ ಬಿಟ್ಟುಬಿಡಿ, ಚಪಾತಿ ಹಿಟ್ಟಿನಂತೆ ನಾದಿದರೆ ರಬ್ಬರು. ಅಂಗೈಯಗಲದ ಬಿಲ್ಲೆ ತಟ್ಟಿ, ನಡುವೆ ಹೆಬ್ಬೆರಳಿನಿಂದ ಒಂದು ಕುಳಿ ಒತ್ತಿ. ಬೇಯುವಾಗ ಮಾಂಸ ಅಂಚಿನಿಂದ ಒಳಕ್ಕೆ ಕುಗ್ಗುತ್ತದೆ, ಕುಳಿ ಇಲ್ಲದಿದ್ದರೆ ನಡುಭಾಗ ಉಬ್ಬಿ ಚೆಂಡಾಗುತ್ತದೆ, ಅದರ ಮೇಲೆ ಮೊಟ್ಟೆ ನಿಲ್ಲುವುದಿಲ್ಲ.

ದೋಸೆಯ ಕಬ್ಬಿಣದ ಕಾವಲಿ ಇದಕ್ಕೆ ಶ್ರೇಷ್ಠ, ನಾನ್‌ಸ್ಟಿಕ್ ಬೇಡ. ಅಂಟಬೇಕಾದ್ದು ಅಂಟಲೇಬೇಕು, ಯಾಕೆಂದು ಈಗ ಹೇಳುತ್ತೇನೆ. ಕಾವಲಿ ಚೆನ್ನಾಗಿ ಕಾದ ಮೇಲೆ ಎಣ್ಣೆ ಸವರಿ ಬಿಲ್ಲೆ ಇಟ್ಟು ಮೂರು ನಾಲ್ಕು ನಿಮಿಷ ಮುಟ್ಟಬೇಡಿ. ಸಟ್ಟುಗದಿಂದ ಒತ್ತಬೇಡಿ, ಒತ್ತಿದರೆ ರಸವೆಲ್ಲ ಹರಿದುಹೋಗುತ್ತದೆ. ಮಾಂಸದ ಪ್ರೋಟೀನು, ಸಕ್ಕರೆ ಅಂಶ ಎರಡೂ ಸುಮಾರು 140 ಡಿಗ್ರಿ ಶಾಖ ದಾಟಿದ ಮೇಲೆ ಸೇರಿ ಕಂದಾಗುತ್ತವೆ. ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ 1912ರಲ್ಲಿ ವಿವರಿಸಿದ ಕ್ರಿಯೆ ಇದು. ದೋಸೆಯ ಗರಿಯೂ ಹುರಿದ ಕಾಫಿಬೀಜದ ಪರಿಮಳವೂ ಇದರಿಂದಲೇ. ನೀರಿದ್ದರೆ ಶಾಖ 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ಒದ್ದೆ ಬಾಣಲೆಯಲ್ಲಿ ಮಾಂಸ ಬೇಯುತ್ತದೆಯೇ ಹೊರತು ಕಂದಾಗುವುದಿಲ್ಲ. ತಿರುವಿ ಇನ್ನೊಂದು ಕಡೆಯೂ ಹೀಗೇ ಬೇಯಿಸಿ, ಒಳಗೆ ಕೆಂಪು ಉಳಿಯದಂತೆ ನೋಡಿ ತೆಗೆದಿಡಿ.

ಈಗ ಕಾವಲಿಯ ಮೇಲೆ ಏನು ಉಳಿದಿದೆ ನೋಡಿ. ಕಂದು ಬಣ್ಣದ ಹತ್ತಿದ ಚೂರು, ಕರಗಿದ ಕೊಬ್ಬು. ಬಹಳ ಮನೆಗಳಲ್ಲಿ ಇದನ್ನು ತೊಳೆಯಲು ಹಾಕುತ್ತಾರೆ. ಇಡೀ ತಿಂಡಿಯ ಪ್ರಾಣ ಇರುವುದು ಅದರಲ್ಲೇ. ಬಿಲ್ಲೆ ಸ್ವಲ್ಪ ಹೆಚ್ಚು ಕಡಿಮೆಯಾದರೆ ನಡೆಯುತ್ತದೆ, ಅನ್ನ ಒಂದು ಹದ ತಪ್ಪಿದರೂ ಪರವಾಗಿಲ್ಲ, ಗ್ರೇವಿ ಕೆಟ್ಟರೆ ಉಳಿಯುವುದು ಕಟ್ಲೆಟ್ಟು ಮತ್ತು ಅನ್ನ.

ಗ್ರೇವಿಗೆ ಮುಂಚೆಯೇ ಒಂದು ಸಾರು ಇಟ್ಟಿರಬೇಕು. ಕೈಮಾ ಕೊಚ್ಚಿಸುವಾಗಲೇ ಎರಡು ನಲ್ಲಿಮೂಳೆ ಕೇಳಿ. ಅದನ್ನು ಒಂದು ಈರುಳ್ಳಿ, ನಾಲ್ಕು ಮೆಣಸಿನಕಾಳು, ಒಂದು ಲವಂಗದ ಎಲೆ ಹಾಕಿ ಕುಕ್ಕರಿನಲ್ಲಿ ಏಳೆಂಟು ವಿಶಲ್ ಕೂಗಿಸಿ ಸೋಸಿ. ಕಾವಲಿಯಲ್ಲಿ ಗ್ರೇವಿ ಮಾಡಿದರೆ ಚೆಲ್ಲುತ್ತದೆ, ಆದ್ದರಿಂದ ಅರ್ಧ ಲೋಟ ಬಿಸಿ ಸಾರು ಸುರಿದು ಮರದ ಸಟ್ಟುಗದಿಂದ ತಳ ಕೆರೆದು, ಆ ಕಂದು ರಸವನ್ನೆಲ್ಲ ಒಂದು ಬಟ್ಟಲಿಗೆ ಬಸಿದುಕೊಳ್ಳಿ. ಬೇರೆ ಬಾಣಲೆಯಲ್ಲಿ ಎರಡು ಚಮಚ ಬೆಣ್ಣೆ, ಉದ್ದಕ್ಕೆ ಸೀಳಿದ ಈರುಳ್ಳಿ, ಸಿಕ್ಕರೆ ಒಂದು ಹಿಡಿ ಅಣಬೆ. ಈರುಳ್ಳಿ ಬೆಲ್ಲದ ಬಣ್ಣಕ್ಕೆ ಬಂದ ಮೇಲೆ ಎರಡು ಚಮಚ ಮೈದಾ ಉದುರಿಸಿ ಸಣ್ಣ ಉರಿಯಲ್ಲಿ ಹುರಿಯಿರಿ. ರವೆ ಹುರಿಯುವಷ್ಟೇ ತಾಳ್ಮೆ ಬೇಕು. ಹಸಿ ವಾಸನೆ ಹೋಗಿ, ಬಿಸ್ಕತ್ತಿನಂಥ ಘಮ ಬರಬೇಕು. ಆಗ ಬಿಸಿ ಸಾರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಕೈಬಿಡದೆ ತಿರುವಿ. ಒಮ್ಮೆಲೇ ಸುರಿದರೆ ಗಂಟು. ಎಲ್ಲ ಸೇರಿ ಎರಡು ಲೋಟ ಸಾರು, ಬಸಿದಿಟ್ಟ ಕಂದು ರಸ, ಒಂದು ಚಮಚ ಸೋಯಾ ಸಾಸು. ಜಪಾನಿ ಮನೆಗಳಿಂದ ಹವಾಯಿಯ ಅಡುಗೆಗೆ ಬಂದ ಸೋಯಾ ಸಾಸು ಇದೊಂದನ್ನು ನಾನು ಬಿಡುವುದಿಲ್ಲ. ಅಲ್ಲಿ ಕೆಲವರು ವೂಸ್ಟರ್ ಸಾಸನ್ನೂ ಹಾಕುತ್ತಾರೆ. ಆ ಇಂಗ್ಲಿಷ್ ಸಾಸಿನೊಳಗೆ ಇರುವುದೂ ನಮ್ಮ ಹುಣಸೆಹಣ್ಣೇ, ಹಾಗಾಗಿ ಕಾಲು ಚಮಚ ಹುಣಸೆ ರಸ ಹಾಕಿದರೆ ಕೆಲಸ ಆಯಿತು. ಐದು ನಿಮಿಷ ಕುದಿಸಿ. ಚಮಚ ಅದ್ದಿ ಎತ್ತಿದಾಗ ಅದರ ಬೆನ್ನಿಗೆ ಹತ್ತಿಕೊಂಡು ನಿಲ್ಲಬೇಕು, ಬೆರಳಿನಿಂದ ಗೆರೆ ಎಳೆದರೆ ಗೆರೆ ಮುಚ್ಚಬಾರದು. ಅದು ಹದ. ಪರೋಟದ ಸಾಲ್ನಾದಷ್ಟು ತೆಳ್ಳಗಿರಬಾರದು.

ಮೊಟ್ಟೆಯ ಬಗ್ಗೆ ಮದರಾಸಿನವರಿಗೆ ನಾನು ಹೇಳಿಕೊಡುವುದು ಏನೂ ಇಲ್ಲ. ಇಲ್ಲಿನ ಬೀದಿಯ ತಳ್ಳುಗಾಡಿಗಳಲ್ಲಿ ಹಾಫ್ ಬಾಯ್ಲ್ ಎಂದು ಕೂಗಿದರೆ ಬರುವುದು ಅದೇ. ಬಿಳಿ ಬೆಂದು ಅಂಚು ಗರಿಯಾಗಿ, ಹಳದಿ ಅಲುಗಾಡುತ್ತ, ಮೇಲೆ ಮೆಣಸಿನ ಪುಡಿ. ಮಕ್ಕಳಿಗೆ, ವಯಸ್ಸಾದವರಿಗೆ, ಬಸುರಿಯರಿಗೆ ಹಳದಿಯನ್ನೂ ಗಟ್ಟಿ ಬೇಯಿಸಿ ಕೊಡಿ. ಉಳಿದವರು ಆ ಹಳದಿಯನ್ನು ಒಡೆದು ಗ್ರೇವಿಯ ಜೊತೆ ಅನ್ನಕ್ಕೆ ಇಳಿಸಿಕೊಂಡಾಗ ರುಚಿಗೆ ಒಂದು ಮೃದು ಬರುತ್ತದೆ. ಅದಕ್ಕಾಗಿಯೇ ಮೊಟ್ಟೆ ಕಡೆಗೆ ಬಂದರೂ ತಟ್ಟೆ ಬಿಟ್ಟು ಹೋಗಲಿಲ್ಲ. ಹವಾಯಿಯವರು ಪಕ್ಕದಲ್ಲಿ ಮಯನೇಸಿನಲ್ಲಿ ಕಲಸಿದ ಮ್ಯಾಕರೋನಿ ಇಡುತ್ತಾರೆ, ಅದು ನನಗೆ ಸೇರದು. ಸೌತೆಕಾಯಿ, ಈರುಳ್ಳಿಗೆ ನಿಂಬೆಹಣ್ಣು ಹಿಂಡಿ ಇಟ್ಟರೆ ಬಾಯಿ ಹಗುರವಾಗುತ್ತದೆ.

ನಮ್ಮ ಪಕ್ಕದ ವೇಪೇರಿ, ಡೌಟನ್ ಕಡೆಯ ಆಂಗ್ಲೋ ಇಂಡಿಯನ್ ಮನೆಗಳವರಿಗೆ ಈ ತಟ್ಟೆ ನೋಡಿದರೆ ತಮ್ಮ ಭಾನುವಾರ ನೆನಪಾಗುತ್ತದೆ. ಅರಿಶಿನ, ತೆಂಗಿನಹಾಲು ಹಾಕಿದ ಯೆಲ್ಲೋ ರೈಸು, ಜೊತೆಗೆ ಬಾಲ್ ಕರಿ, ಅಂದರೆ ಕೈಮಾ ಉಂಡೆಯ ಸಾರು. ಆ ಊಟ ಮಧ್ಯಾಹ್ನದ್ದು. ಆ ಕಡೆಯ ಒಬ್ಬ ಹಿರಿಯರು ನಮ್ಮ ಮನೆಗೆ ಬಂದಾಗ ಇದನ್ನು ಬಡಿಸಿದೆ. “ಗ್ರೇವಿ ಚೆನ್ನಾಗಿದೆ ಮಗಳೇ, ಆದರೆ ನಿನ್ನ ಉಂಡೆಯನ್ನು ಯಾರು ತುಳಿದರು?” ಎಂದು ಕೇಳಿದರು. ಎರಡನೆಯ ಸಲವೂ ಹಾಕಿಸಿಕೊಂಡರು.

ಮಾಂಸ, ಮೊಟ್ಟೆ ತಿನ್ನದ ಕೇಳುಗರು ಇಲ್ಲಿಯವರೆಗೆ ತಾಳ್ಮೆಯಿಂದ ಕೇಳಿದ್ದೀರಿ, ನಿಮಗೂ ದಾರಿ ಇದೆ. ಸೈದಾಪೇಟೆಯ ವಡಕರಿ ಗೊತ್ತಲ್ಲ, ಕಡಲೆಬೇಳೆ ವಡೆಯನ್ನು ಮುರಿದು ಮಸಾಲೆ ರಸದಲ್ಲಿ ಬೇಯಿಸುವುದು. ಅದೇ ವಡೆಯನ್ನು ಮುರಿಯದೆ ಅಗಲ ತಟ್ಟಿ. ಕಡಲೆಬೇಳೆ ಎರಡು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ತರಿತರಿಯಾಗಿ ರುಬ್ಬಿ, ಈರುಳ್ಳಿ, ಮೆಣಸು, ಉಪ್ಪು ಸೇರಿಸಿ ಕಾವಲಿಯಲ್ಲಿ ಕಮ್ಮಿ ಎಣ್ಣೆಗೆ ಎರಡೂ ಕಡೆ ಕೆಂಪಗೆ ಬೇಯಿಸಿ. ಮೂಳೆ ಸಾರಿನ ಬದಲು ಹುರುಳಿ ಕಟ್ಟು. ಇದು ನನ್ನದೇ ಪ್ರಯೋಗ, ಇದರ ಮೇಲೆ ನನಗೆ ಸ್ವಲ್ಪ ಹೆಮ್ಮೆಯೂ ಉಂಟು. ಹುರುಳಿ ಬೇಯಿಸಿ ಬಸಿದ ಕಟ್ಟಿಗೆ ತಾನಾಗಿಯೇ ಕಂದು ಬಣ್ಣ ಇದೆ, ಮಣ್ಣಿನ ಘಮ ಇದೆ, ನಾಲಿಗೆಗೆ ತೂಕ ಇದೆ. ಬೆಣ್ಣೆಯಲ್ಲಿ ಹುರಿದ ಅಣಬೆ, ಸೋಯಾ ಸಾಸು ಅದಕ್ಕೆ ಸೇರಿದರೆ ಮಾಂಸದ ಗ್ರೇವಿಗೆ ಹತ್ತಿರ ಹತ್ತಿರ ನಿಲ್ಲುತ್ತದೆ. ತರಕಾರಿ ಬೇಯಿಸಿದ ನೀರಿನಲ್ಲಿ ಮಾಡಿದ ಗ್ರೇವಿ ಹಾಗೆ ನಿಲ್ಲುವುದಿಲ್ಲ. ಬೆಂದ ಹುರುಳಿಕಾಳನ್ನು ಬಿಸಾಡಬೇಡಿ, ಮಧ್ಯಾಹ್ನಕ್ಕೆ ಉಸಲಿ. ಮೊಟ್ಟೆಯ ಜಾಗಕ್ಕೆ ಏನನ್ನೂ ತುರುಕಬೇಡಿ. ಪನೀರಿನ ಚೂರಿಗೆ ಮೊಟ್ಟೆಯ ವೇಷ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಇದು ದಿನಾ ತಿನ್ನುವ ತಿಂಡಿಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಬ್ಬು ಕಡಿಯುವವರ, ಆಟ ಆಡಿ ಬಂದ ಹುಡುಗರ ಹಸಿವಿಗೆ ಹೊಂದಿದ ತಟ್ಟೆ ಇದು. ಮೇಜಿನ ಮುಂದೆ ಕೂತು ಕೆಲಸ ಮಾಡುವವರು ಭಾನುವಾರ ಇದನ್ನು ತಿಂದರೆ ಮಧ್ಯಾಹ್ನದ ಊಟ ಬಿಡಬೇಕು. ಒಳ್ಳೆಯದೇ ಆಯಿತಲ್ಲ, ಅಡುಗೆ ಮಾಡುವವರಿಗೂ ಒಂದು ಹೊತ್ತು ಬಿಡುವು.

ಗ್ರೇವಿ ಯಾವಾಗಲೂ ಒಂದು ಲೋಟ ಜಾಸ್ತಿ ಮಾಡಿ. ತಣ್ಣಗಾದ ಮೇಲೆ ಗಟ್ಟಿಯಾಗುತ್ತದೆ, ಬಿಸಿ ಮಾಡುವಾಗ ಸ್ವಲ್ಪ ಬಿಸಿನೀರು ಬೆರೆಸಿದರೆ ಮೊದಲಿನ ಹದಕ್ಕೆ ಬರುತ್ತದೆ. ರಾತ್ರಿ ಬೀದಿ ಮೂಲೆಯಿಂದ ಎರಡು ಪರೋಟ ಕಟ್ಟಿಸಿಕೊಂಡು ಬಂದು ಅದರ ಮೇಲೆ ಹಾಕಿಕೊಂಡು ನೋಡಿ. ಪರೋಟ ಮಾತ್ರ ಬಿಸಿಯಾಗಿರಲಿ, ಸಾಲ್ನಾ ಬೇಡ ಎಂದು ಮೊದಲೇ ಹೇಳಿ.